ಪೀರಮ್ಮನ ಮನೆಯಲ್ಲಿ ಎದುರು ಪಾರ್ಟಿ

ಸಿಟ್ಟು ನನ್ನ ಮೂಗಿನ ತುದಿಯ ಮೇಲೇ ಕೂತಿರುತ್ತದೆ ಎಂದು ಸೇಡಂ ಕೋರ್ಟಿನ ಜವಾನನಿಂದ ಹಿಡಿದು ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಎರಡು ಸಾವಿರದ ಎರಡನೇ ಇಸವಿಯ ಜನವರಿಯಲ್ಲಿ ಒಂದು ಬೆಳಿಗ್ಗೆ ನಾನು ಕಂಡದ್ದನ್ನು ಅವರು ಕಂಡಿದ್ದರೆ, ಪದ್ಮಜಾ ವಕೀಲರಿಗೆ ಸಿಟ್ಟು ಯಾಕೆ ಬರುತ್ತದೆ ಎಂದು ಅವರಿಗೂ ತಿಳಿಯುತ್ತಿತ್ತು.

ನಾನು ಕೋರ್ಟಿನ ಮುಂದಿನ ಬೇವಿನ ಮರದ ಕೆಳಗೆ ನನ್ನ ಕಕ್ಷಿದಾರರಿಗಾಗಿ ಕಾಯುತ್ತಿದ್ದೆ. ವಾಡಿಯ ಪೀರಮ್ಮ, ಅರವತ್ತು ದಾಟಿದವರು. ಏಳು ವರ್ಷದ ಮೊಮ್ಮಗಳು ಲುಂಬಿನಿಯನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳಲು ಅರ್ಜಿ ಹಾಕಿದ್ದರು. ಕಲಬುರ್ಗಿಯ ಜಿಲ್ಲಾ ಕೋರ್ಟು ಆ ಪ್ರಕರಣವನ್ನು ಸೇಡಂಗೆ ವರ್ಗ ಮಾಡಿತ್ತು. ಎದುರು ಪಾರ್ಟಿ ಬೇರೆ ಯಾರೂ ಅಲ್ಲ, ಹುಡುಗಿಯ ಹೆತ್ತ ತಾಯಿ. ಹೆಸರು ನಿಲ್ಮಿನಿ, ಶ್ರೀಲಂಕಾದವಳು, ಮಗಳನ್ನು ತನ್ನ ದೇಶಕ್ಕೆ ಕರೆದೊಯ್ಯಲು ಬಂದಿದ್ದಳು. ಅವಳನ್ನು ನಾನು ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ.

ಸ್ಟೇಷನ್ ಕಡೆಯಿಂದ ಒಂದು ಆಟೋ ಬಂತು. ಪೀರಮ್ಮ ಇಳಿದರು. ಹುಡುಗಿ ಇಳಿಯಿತು. ಅವರ ಹಿಂದೆ ಗುಂಗುರು ಕೂದಲಿನ ತೆಳ್ಳಗಿನ ಹೆಂಗಸೊಬ್ಬಳು ಬುತ್ತಿಗಂಟನ್ನು ಎದೆಗವಚಿಕೊಂಡು ಇಳಿದಳು. ಹುಡುಗಿ ಒಂದು ಕೈಯಲ್ಲಿ ಅಜ್ಜಿಯ ಸೆರಗು, ಇನ್ನೊಂದರಲ್ಲಿ ಆ ಹೆಂಗಸಿನ ಬೆರಳು ಹಿಡಿದುಕೊಂಡು ಕುಣಿಯುತ್ತಾ ಬರುತ್ತಿತ್ತು.

"ಇವರ‍್ಯಾರ್ರಿ ಪೀರಮ್ಮ?" ಎಂದೆ.

"ನಮ್ಮ ನೀಲವ್ವರಿ. ನನ್ನ ಮಗ ದೇವಾನಂದನ ಹೇಣ್ತಿ. ಇವತ್ತ ಆಕಿದೂ ತಾರೀಖ ಅದಲ್ರಿ."

"ಎದುರು ಪಾರ್ಟಿ? ನಿಮ್ಮ ಆಟೋದಾಗ?"

"ಒಬ್ಬಾಕಿ ಹ್ಯಾಂಗ ಬರ್ತಾಳ್ರಿ ಬಾಯಾರ? ಊರು ಹೊಸಾದು, ಭಾಷಾ ತಿಳಿಯಂಗಿಲ್ಲ."

"ವಾಡ್ಯಾಗ ಎಲ್ಲಿ ಇಳಕೊಂಡಾರ?"

ಪೀರಮ್ಮ ನನ್ನ ಮುಖವನ್ನೇ ನೋಡಿದರು. ಇಷ್ಟು ಓದಿದ ಹೆಂಗಸು ಇದೆಂಥ ಪ್ರಶ್ನೆ ಕೇಳುತ್ತಾಳೆ ಎನ್ನುವ ನೋಟ. "ಎಲ್ಲಿ ಇರ್ತಾಳ್ರಿ? ನಮ್ಮನ್ಯಾಗ."

ಅಯ್ಯೋ ನನ್ನ ಕರ್ಮವೇ! ನಾನು ಬರೆದ ಅರ್ಜಿಯಲ್ಲಿ ಏನಿತ್ತು? ತಾಯಿ ಮಗುವನ್ನು ಬಿಟ್ಟು ಹೋದವಳು, ಮಗುವಿಗೆ ತಾಯಿಯ ಪರಿಚಯವೇ ಇಲ್ಲ, ಅವಳಿಗೆ ಮಮತೆಯೂ ಇಲ್ಲ ಎಂದಿತ್ತು. ವಕೀಲರು ಬರೆಯುವ ಹಾಗೆ ನಾಲ್ಕು ಮಾತು ಖಾರವಾಗಿಯೇ ಬರೆದಿದ್ದೆ. ಈಗ ನೋಡಿದರೆ ಆ ಮಮತೆಯಿಲ್ಲದ ತಾಯಿ ನಮ್ಮ ಸಾಕ್ಷಿದಾರಳ ಬುತ್ತಿ ಹೊತ್ತುಕೊಂಡು ನಿಂತಿದ್ದಾಳೆ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಅಂದರೆ ಇದೇ. ನಾನು ಪೀರಮ್ಮನ ಮೇಲೆ ಹರಿಹಾಯ್ದೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, ಬುತ್ತಿ ಬಿಚ್ಚಿ, "ಒಂದ್ ರೊಟ್ಟಿ ತಿಂತೀರೇನ್ರಿ? ಶೇಂಗಾ ಹಿಂಡಿ ಅದ" ಎಂದರು.

ಪೀರಮ್ಮನ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ದೇವಾನಂದ ಅವರ ಒಬ್ಬನೇ ಮಗ. ಗಂಡ ಚಂದ್ರಾಮ ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿದವರು, ಮಗ ಶಾಲೆಯಲ್ಲಿದ್ದಾಗಲೇ ತೀರಿಕೊಂಡರು. ಪೀರಮ್ಮ ಅಂಗನವಾಡಿಯಲ್ಲಿ ಅಡುಗೆ ಮಾಡಿ ಮಗನಿಗೆ ಐಟಿಐ ಓದಿಸಿದರು. ಅವನು ಫಿಟ್ಟರ್ ಆದ. ವಾಡಿಯ ಹುಡುಗರಿಗೆ ಸಿಮೆಂಟಿನ ಧೂಳು ಎಲ್ಲಿದೆಯೋ ಅಲ್ಲೆಲ್ಲ ಕೆಲಸ ಸಿಗುತ್ತದೆ. ಅವನಿಗೆ ಮಸ್ಕತ್ ಕಡೆ ಸಿಕ್ಕಿತು. ಅಲ್ಲಿ ಬುದ್ಧ ಪೂರ್ಣಿಮೆಯ ದಿನ ಯಾರದೋ ಮನೆಯ ಮಹಡಿಯಲ್ಲಿ ಸೇರಿದ ಮಂದಿಯಲ್ಲಿ ನಿಲ್ಮಿನಿ ಕಂಡಳು. ಆಸ್ಪತ್ರೆಯಲ್ಲಿ ನರ್ಸು. ಇವನೂ ಬೌದ್ಧ, ಅವಳೂ ಬೌದ್ಧಳು. ಇವನಿಗೆ ಸಿಂಹಳ ಬಾರದು, ಅವಳಿಗೆ ಕನ್ನಡ ಬಾರದು, ಇಬ್ಬರಿಗೂ ಹರಕುಮುರುಕು ಇಂಗ್ಲಿಷ್ ಬರುತ್ತಿತ್ತು. ಮದುವೆಗೆ ಅಷ್ಟು ಸಾಕಾಯಿತು. ಮಗಳು ಹುಟ್ಟಿದಳು. ಮಗಳಿಗೆ ಐದು ವರ್ಷವಾದಾಗ ದೇವಾನಂದ ಹೃದಯಾಘಾತದಿಂದ ಹೋಗಿಬಿಟ್ಟ.

ಆ ದೇಶದ ಕಾಯ್ದೆ ಹೇಗೆಂದರೆ, ಮಗು ಅಲ್ಲಿರಬೇಕಾದರೆ ಅಪ್ಪನ ಪರವಾನಗಿಯ ಮೇಲೆ ಇರಬೇಕು. ಅಪ್ಪನೇ ಇಲ್ಲ. ನಿಲ್ಮಿನಿಗೆ ತನ್ನ ಕೆಲಸದ ಪರವಾನಗಿ ಇತ್ತು, ಅದರಲ್ಲಿ ಮಗಳಿಗೆ ಜಾಗವಿರಲಿಲ್ಲ. ಗಂಡನ ಶವಪೆಟ್ಟಿಗೆಯ ಜೊತೆ ಮಗಳನ್ನೂ ವಾಡಿಗೆ ಕರೆತಂದು ಅತ್ತೆಯ ಹತ್ತಿರ ಬಿಟ್ಟು, ಉಳಿದ ಎರಡು ವರ್ಷದ ಕರಾರು ಮುಗಿಸಲು ಮರಳಿ ಹೋದಳು. ಮುಗಿಸಿ ಬಂದವಳು ಆರು ತಿಂಗಳ ವೀಸಾ ಹಿಡಿದುಕೊಂಡು ಬಂದಳು, ಮಗಳನ್ನು ಕರೆದೊಯ್ಯುತ್ತೇನೆ ಎಂದಳು. ಪೀರಮ್ಮನ ಎದೆ ಒಡೆಯಿತು. ಸಮುದ್ರ ದಾಟಿದ ಮಗ ಪೆಟ್ಟಿಗೆಯಲ್ಲಿ ಬಂದಿದ್ದ. ಮೊಮ್ಮಗಳೂ ದಾಟಿದರೆ ಮರಳಿ ಬರುತ್ತಾಳೆ ಎಂದು ಯಾರು ಖಾತ್ರಿ ಕೊಡಬೇಕು? ಅತ್ತುಕೊಂಡು ನನ್ನ ಆಫೀಸಿಗೆ ಬಂದರು, ನಾನು ಅರ್ಜಿ ಹಾಕಿದೆ.

ಕಾಯ್ದೆಯ ಚಂದ ಇನ್ನೂ ಇದೆ, ಕೇಳಿ. ಅಪ್ಪನಿಂದಾಗಿ ಹುಡುಗಿ ಭಾರತದವಳು. ತಾಯಿ ಶ್ರೀಲಂಕಾದವಳು. ಆಗಿನ ಅಲ್ಲಿನ ಕಾಯ್ದೆಯಲ್ಲಿ ತಾಯಿಯ ಕಡೆಯಿಂದ ಪೌರತ್ವ ಬರುತ್ತಿರಲಿಲ್ಲ. ಅಂದರೆ ಇಲ್ಲಿದ್ದರೆ ತಾಯಿಗೆ ವೀಸಾ ಬೇಕು, ಅಲ್ಲಿಗೆ ಹೋದರೆ ಮಗಳಿಗೆ ವೀಸಾ ಬೇಕು. ಯಾವ ದೇಶದಲ್ಲಿದ್ದರೂ ಇಬ್ಬರಲ್ಲಿ ಒಬ್ಬರು ಅತಿಥಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ; ಇಲ್ಲಿ ಗಂಡ ಹೆಂಡಿರು ಜಗಳವಾಡಿರಲೇ ಇಲ್ಲ, ದೇಶಗಳೇ ಕೂಸನ್ನು ಬಡವು ಮಾಡಿದ್ದವು.

ಮುಂದಿನ ತಾರೀಖಿಗೆ ನಾನು ಪೀರಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿ ಕಳಿಸಿದೆ: ಎದುರು ಪಾರ್ಟಿ ಜೊತೆ ರೈಲಿನ ಒಂದೇ ಡಬ್ಬಿಯಲ್ಲಿ ಬರಕೂಡದು. ಬರಲಿಲ್ಲ. ನಿಲ್ಮಿನಿಯ ವಕೀಲರು ರಘುವೀರ ಅವರು ಚಿತ್ತಾಪುರದವರು, ದಿನಾ ಅದೇ ಗಾಡಿಗೆ ಬರುವವರು, ನಾನು ವಕೀಲಿ ಕಲಿತದ್ದೇ ಅವರ ಕೈಕೆಳಗೆ. ಅವರು ಆವತ್ತು ಬಾರ್ ರೂಮಿಗೆ ನಗುತ್ತಲೇ ಬಂದರು.

"ಪದ್ಮಜಾ, ನಿಮ್ಮ ಪಾರ್ಟಿ ನಿಮ್ಮ ಮಾತು ಭಾಳ ಕೇಳ್ತದರಿ. ಆಕಿ ಮುಂದಿನ ಡಬ್ಬ್ಯಾಗ, ಸೊಸಿ ಹಿಂದಿನ ಡಬ್ಬ್ಯಾಗ. ಚಿತ್ತಾಪುರದಾಗ ಗಾಡಿ ನಿಂತ ಕೂಡ್ಲೆ ಆಕಿ ಇಳಿದು ಓಡಿ ಬಂದು ಕಿಡಕ್ಯಾಗಿಂದ ಸೊಸಿಗಿ ರೊಟ್ಟಿ ಕೊಟ್ಟು ಮತ್ತ ಓಡಿ ಹೋದ್ಳು. ಈ ವಯಸ್ಸಿನಾಗ ಎಲ್ಲೆರ ಬಿದ್ದ್ರ ಯಾರು ಜವಾಬ್ದಾರಿ?"

ನನ್ನ ನೆತ್ತಿ ಕಾದುಹೋಯಿತು. ಆ ಭಾನುವಾರ ನಾನೇ ವಾಡಿಗೆ ಹೋದೆ.

ಹಳಿಯ ಆಚೆ, ಶಹಾಬಾದ್ ಕಲ್ಲಿನ ಗೋಡೆ, ಶಹಾಬಾದ್ ಕಲ್ಲಿನ ನೆಲದ ಎರಡು ಖೋಲಿಯ ಮನೆ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಪಕ್ಕದಲ್ಲಿ ದೇವಾನಂದನ ಫೋಟೋ. ನಿಲ್ಮಿನಿ ಅಂಗಳದಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು, ಲುಂಬಿನಿ ತುರಿ ಕದ್ದು ತಿನ್ನುತ್ತಿದ್ದಳು. ಪೀರಮ್ಮ ಚಹಾ ಮಾಡಿ ಕಪ್ಪು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತರು.

"ಕೊಡ್ಲೇನ್ರಿ ಬಾಯಾರ? ನೀವು ನಮ್ಮನ್ಯಾಗ..."

"ಕೊಡ್ರಿ ಜಲ್ದಿ, ಆರತದ," ಎಂದೆ. ಸಿಟ್ಟಿನಲ್ಲಿ ಬಂದವಳಿಗೆ ಚಹಾ ಬೇಕೇ ಬೇಕು.

ಕುಡಿದು ಶುರು ಮಾಡಿದೆ. "ಪೀರಮ್ಮ, ನಿಮಗ ಹುಡುಗಿ ಬೇಕೋ ಬ್ಯಾಡೋ?"

"ಬೇಕ್ರಿ. ಆಕಿ ಹೋದ್ರ ನಾ ಯಾರ ಸಲುವಾಗಿ ಒಲಿ ಹಚ್ಚಲಿ?"

"ಹಂಗಿದ್ರ ಈಕೀನ ಬ್ಯಾರೆ ಕಡಿ ಇಡ್ರಿ. ಕಲಬುರ್ಗ್ಯಾಗ ಲಾಡ್ಜಿಲ್ಲೇನು?"

ಪೀರಮ್ಮ ಕೆನ್ನೆಗೆ ಕೈ ಹಚ್ಚಿದರು. "ಲಾಡ್ಜಿಗಿ! ಪೀರಮ್ಮನ ಸೊಸಿ ಲಾಡ್ಜಿನಾಗ ಅದಾಳಂತ ಮಂದಿ ಅನ್ನಬೇಕೇನ್ರಿ? ಕೇಸಿನ ಮಾತ ಬ್ಯಾರೆ, ಮನಿ ಮಾತ ಬ್ಯಾರೆ."

"ಆಕಿ ಜೋಡಿ ಕುಂತು ಮಾತಾಡೀರೇನು? ಏನಂತಾಳ?"

"ಹ್ಯಾಂಗ ಮಾತಾಡ್ಲಿರಿ? ನಡುವ ಭಾಷಾ ಬರೋದು ಈ ಹುಡುಗಿಗಿ ಒಬ್ಬಾಕಿಗೇ. ಉಪ್ಪ ಕೊಡು, ನೀರ ಕೊಡು ಅಂತ ಆಕಿ ಕಡಿಂದ ಹೇಳಸ್ತೀನಿ. ನಿನ್ನ ಅವ್ವ ನಿನ್ನ ಒಯ್ತಾಳೇನ ಕೇಳು ಅಂತ ಆ ಕೂಸಿನ ಬಾಯಿಲೆ ಹ್ಯಾಂಗ ಕೇಳಸ್ಲಿ? ಬಾಯಿ ಬರಂಗಿಲ್ರಿ."

ನಿಲ್ಮಿನಿಯನ್ನು ನಾನು ಇಂಗ್ಲಿಷಿನಲ್ಲಿ ಒಂದೆರಡು ಮಾತು ಕೇಳಿದೆ. ಎದುರು ಪಾರ್ಟಿಯ ಜೊತೆ ಕೇಸಿನ ಮಾತು ಆಡಬಾರದು, ಆಡಲಿಲ್ಲ. ಮಗಳು ಹೇಗಿದ್ದಾಳೆ ಎಂದೆ. ಅವಳೂ ಅದೇ ಹೇಳಿದಳು: ಮಗಳಿಗೆ ಮರೆತಿದ್ದ ಸಿಂಹಳ ವಾರದೊಳಗೆ ಮರಳಿ ಬಂತು, ಆದರೆ ದೊಡ್ಡವರ ಸಂಕಟವನ್ನು ಅವಳ ನಾಲಿಗೆಯ ಮೇಲೆ ಇಡಲಾರೆ. ಇಬ್ಬರೂ ಒಂದೇ ಹಟದವರು. ಬೈಯಲು ಹೋದ ನಾನು ತೆಂಗಿನತುರಿಯ ಪಲ್ಯ ಕಟ್ಟಿಸಿಕೊಂಡು ಸೇಡಂಗೆ ಮರಳಿದೆ.

ಮಾರ್ಚ್ ತಿಂಗಳಲ್ಲಿ ಪೀರಮ್ಮನ ಸಾಕ್ಷಿ. ಸಾಕ್ಷಿಕಟ್ಟೆಯಲ್ಲಿ ನಿಂತವರು ನ್ಯಾಯಾಧೀಶ ಸಾಹೇಬರಿಗೆ ಕೈ ಮುಗಿದರು, ನನಗೆ ಮುಗಿದರು, ರಘುವೀರರಿಗೂ ಮುಗಿದರು. ರಘುವೀರ ಅವರು ಎದ್ದು ಬೆಣ್ಣೆಯಂಥ ದನಿಯಲ್ಲಿ ಕೇಳಿದರು.

"ಪೀರಮ್ಮ, ನಿಮ್ಮ ಸೊಸಿ ರಾತ್ರಿ ಎಲ್ಲಿ ಮಲಗ್ತಾರ?"

"ಒಳಗಿನ ಖೋಲ್ಯಾಗ್ರಿ."

"ಹುಡುಗಿ?"

"ಆಕಿ ಬಗಲಾಗ್ರಿ."

"ಮತ್ತ ನಿಮ್ಮ ಅರ್ಜ್ಯಾಗ, ಈ ತಾಯಿಗಿ ಮಗಳ ಮ್ಯಾಲ ಮಮತಾ ಇಲ್ಲಂತ ಅದಲ್ಲ?"

ಪೀರಮ್ಮ ಗಾಬರಿಯಾಗಿ ನನ್ನ ಕಡೆ ತಿರುಗಿದರು. "ಹಂಗ್ಯಾರ್ರಿ ಬರದವರು? ಬಾಯಾರ, ಹಂಗ ಬರದೀರೇನ್ರಿ?"

ಇಡೀ ಕೋರ್ಟು ನಕ್ಕಿತು. ನಾನು ಫೈಲಿನಲ್ಲಿ ಮುಖ ಹುದುಗಿಸಿದೆ. ಪೀರಮ್ಮ ಅಷ್ಟಕ್ಕೇ ಬಿಡಲಿಲ್ಲ, ನ್ಯಾಯಾಧೀಶರ ಕಡೆ ತಿರುಗಿ, "ತಾಯಿ ಬಗಲಾಗ ಮಲಗಲಾರದ ಕೂಸು ಮತ್ಯಾರ ಬಗಲಾಗ ಮಲಗಬೇಕ್ರಿ ಸಾಹೇಬ್ರ?" ಎಂದುಬಿಟ್ಟರು. ರಘುವೀರ ಅವರು "ನನ್ನ ಪ್ರಶ್ನೆ ಮುಗದಾವ್ರಿ" ಎಂದು ಕೂತರು. ಅವರ ಕೇಸನ್ನು ನಮ್ಮ ಪಾರ್ಟಿಯೇ ನಡೆಸಿ ಮುಗಿಸಿತ್ತು.

ಸಾಹೇಬರು ಹುಡುಗಿಯ ಜೊತೆ ಮಾತಾಡಬೇಕೆಂದು ಚೇಂಬರಿಗೆ ಕರೆಸಿದರು. ಇಬ್ಬರು ವಕೀಲರೂ ಗೋಡೆಗೆ ಒತ್ತಿ ನಿಂತೆವು. ಅವರು ಒಳ್ಳೆಯ ಮನುಷ್ಯ, ಮಕ್ಕಳ ಜೊತೆ ಮಾತಾಡಿ ಬಲ್ಲವರು. ಶಾಲೆ, ಗೆಳತಿಯರು, ಮನೆಯ ಮುಂದಿನ ಆಡಿನ ಮರಿ ಎಲ್ಲ ಆದ ಮೇಲೆ ಕೇಳಿದರು: "ನಿನಗ ಯಾರ ಹತ್ರ ಇರಬೇಕಂತ ಅನಸ್ತದವ್ವ?"

"ಮನ್ಯಾಗ್ರಿ."

"ಹೌದು. ಆಯಿ ಹತ್ರೋ, ಅಮ್ಮನ ಹತ್ರೋ?"

ಲುಂಬಿನಿ ಅವರನ್ನು ಕರುಣೆಯಿಂದ ನೋಡಿದಳು. "ಇಬ್ಬರೂ ಅಲ್ಲೇ ಅದಾರಲ್ರಿ."

ಸಾಹೇಬರು ಕೆಮ್ಮಿದರು. "ಅದಾರ. ಆದ್ರ ಒಬ್ಬರು ಬ್ಯಾರೆ ಊರಿಗಿ ಹೋಗೋದು ಬಂತಂದ್ರ?"

ಹುಡುಗಿಯ ಕಾಲು ಕುರ್ಚಿಯ ಕೆಳಗೆ ತೂಗಾಡುತ್ತಿದ್ದವು, ನಿಂತುಹೋದವು. "ಯಾರು ಹೋಗಾಕತ್ತಾರ್ರಿ?"

ಯಾರೂ ಅವಳಿಗೆ ಹೇಳಿರಲಿಲ್ಲ. ಎರಡು ತಿಂಗಳಿಂದ ಅವಳ ಹೆಸರಿನಲ್ಲಿ ತಾರೀಖು ನಡೆದಿದ್ದವು, ಮಗುವಿನ ಹಿತ, ಮಗುವಿನ ಹಿತ ಎಂದು ನಾನೂ ರಘುವೀರರೂ ಗಂಟಲು ಹರಿದುಕೊಂಡಿದ್ದೆವು. ಅವಳು ಮಾತ್ರ ಅಜ್ಜಿ, ಅಮ್ಮನ ಜೊತೆ ರೈಲಿನಲ್ಲಿ ಸೇಡಂ ನೋಡಲು ಬರುತ್ತಿದ್ದೇನೆ ಎಂದುಕೊಂಡಿದ್ದಳು. "ಯಾರು ಹೋಗಾಕತ್ತಾರ್ರಿ?" ಎಂದು ಮತ್ತೊಮ್ಮೆ ಕೇಳಿ ಅಳಲು ಶುರು ಮಾಡಿದಳು. ನನಗೆ ಆವತ್ತು ಬಂದ ಸಿಟ್ಟು ನನ್ನದೇ ಕರಿಕೋಟಿನ ಮೇಲೆ.

ಹೊರಗೆ ಬಂದು ಕುರ್ಚಿಯಲ್ಲಿ ಕೂತ ಸಾಹೇಬರ ಮುಖ ಇಳಿದಿತ್ತು. ಪೀರಮ್ಮನನ್ನು ಮುಂದೆ ಕರೆದರು. "ಇವರ ವೀಸಾ ಈ ತಿಂಗಳ ಕೊನೀಗಿ ಮುಗೀತದ. ಆಮ್ಯಾಲ ಒಂದು ದಿನ ಇದ್ರೂ ಅಪರಾಧ. ನಾನು ಹುಡುಗೀನ ನಿಮ್ಮ ಹತ್ರ ಬಿಡಬಹುದು, ಇವರ ಹತ್ರ ಬಿಡಬಹುದು. ಇಬ್ಬರನ್ನೂ ಒಂದೇ ಮನ್ಯಾಗ ಇರಸೋ ಅಧಿಕಾರ ನನಗಿಲ್ಲ."

"ಆಕಿ ನಮ್ಮನ್ಯಾಗ ಇರಲಿಕ್ಕ ಮತ್ಯಾರ ಪರ್ಮಿಷನ್ ಬೇಕ್ರಿ?" ಪೀರಮ್ಮನಿಗೆ ಈ ಮಾತು ನಿಜಕ್ಕೂ ಹೊಸದು. "ಆಕೀಗಿ ಹೋಗ್ಬೇಕಂತ ಅದ, ಅದಕ್ಕ ಹೊಂಟಾಳಂತ ನಾ ತಿಳಕೊಂಡೀನಿ."

ಸಾಹೇಬರು ನಿಲ್ಮಿನಿಯನ್ನು ಇಂಗ್ಲಿಷಿನಲ್ಲಿ ಕೇಳಿದರು: ಸರ್ಕಾರ ಒಪ್ಪಿದರೆ ವಾಡಿಯಲ್ಲಿ ಇರಲು ನಿಮಗೆ ಮನಸ್ಸಿದೆಯೇ? ಅವಳು ಹೇಳಿದ್ದನ್ನು ನಾನೇ ಪೀರಮ್ಮನಿಗೆ ಕನ್ನಡದಲ್ಲಿ ಹೇಳಿದೆ: "ಐದು ತಿಂಗಳಾತು, ಇರು ಅಂತ ಅತ್ತಿ ನನಗ ಒಂದು ದಿನಾನೂ ಅನಲಿಲ್ಲ, ಅಂತಾಳ್ರಿ. ಅತ್ತಿಗಿ ಮೊಮ್ಮಗಳು ಬೇಕು, ನಾ ಬ್ಯಾಡ ಅಂತ ತಿಳಕೊಂಡಾಳ."

ಪೀರಮ್ಮನ ಬಾಯಿ ತೆರೆದೇ ಉಳಿಯಿತು. "ಹುಚ್ಚಿ! ಸೊಸಿಗಿ ಇರು ಅಂತ ಯಾರರ ಅಂತಾರೇನ್ರಿ? ಬಂದ ಬೀಗರಿಗಿ ಅಂತಾರ, ಇರ್ರಿ, ಉಂಡು ಹೋಗ್ರಿ ಅಂತ. ಮನಿ ಮಂದಿಗಿ ಅಂದ್ರ ಅದು ಹೊರಗಿನಾಕಿ ಅಂದಂಗ. ಮನಿ ಆಕೀದು, ಇರ್ತಾಳ, ಅದನ್ನೇನ ಹೇಳೋದು?"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಂತೆ ನಿಲ್ಮಿನಿ ಮುಖ ಮುಚ್ಚಿಕೊಂಡಳು. ನಮ್ಮ ಕಡೆಯ ಮರ್ಯಾದೆ ಇದು. ಯಾವ ಪುಸ್ತಕದಲ್ಲೂ ಬರೆದಿಲ್ಲ, ಯಾವ ಹೆಣ್ಣೂ ಮೀರುವುದಿಲ್ಲ. ಶ್ರೀಲಂಕಾದ ಕುರುನೆಗಲದ ಕಡೆಯ ಹುಡುಗಿಗೆ ಅದು ಹೇಗೆ ಗೊತ್ತಾಗಬೇಕು? ಅವಳ ಊರಿನಲ್ಲಿ ಬೇಕಾದವರಿಗೆ ಇರು ಎನ್ನುತ್ತಾರಂತೆ.

"ಹಂಗಿದ್ರ ಈಗ ಹೇಳ್ರಿ," ಎಂದರು ಸಾಹೇಬರು. "ತಪ್ಪೇನಿಲ್ಲ."

ಪೀರಮ್ಮ ನಾಚಿಕೊಂಡರು. ಸೆರಗು ಸರಿಮಾಡಿಕೊಂಡರು. ಅಷ್ಟು ಮಂದಿಯ ಮುಂದೆ, ತಲೆ ಎತ್ತದೆ, "ಇರು, ನೀಲವ್ವ" ಎಂದರು.

ಮಾತು ಆಡುವುದು ಸುಲಭ, ಕಾಯ್ದೆ ಅಷ್ಟು ಸುಲಭವಲ್ಲ. ಇದ್ದಲ್ಲಿಂದಲೇ ಪ್ರವಾಸಿ ವೀಸಾ ಬದಲಿಸಿಕೊಡುವುದಿಲ್ಲ. ನಿಲ್ಮಿನಿ ಕೊಲಂಬೋಗೆ ಹೋಗಿ, ಭಾರತದ ಕಚೇರಿಯಲ್ಲಿ ಅರ್ಜಿ ಕೊಟ್ಟು, ದೀರ್ಘ ವೀಸಾ ತೆಗೆದುಕೊಂಡು ಬರಬೇಕು. ಅತ್ತೆಯ ಒಪ್ಪಿಗೆ ಬೇಕು, ಕೋರ್ಟಿನ ಆದೇಶ ಬೇಕು. ಕೊಡುತ್ತಾರೋ ಬಿಡುತ್ತಾರೋ ದೇವರೇ ಬಲ್ಲ. ನಾನು ಪೀರಮ್ಮನನ್ನು ಮರದ ಕೆಳಗೆ ಕೂಡಿಸಿ ಬಿಡಿಸಿ ಹೇಳಿದೆ.

"ನನ್ನ ಅರ್ಜಿ ವಾಪಸ್ ತಗೋರಿ," ಎಂದರು.

"ತಲಿ ಕೆಟ್ಟದೇನ್ರಿ? ಅರ್ಜಿ ತಗೊಂಡ್ರ ಹುಡುಗಿ ತಾಯಿದು ಆಗ್ತದ. ನಾಳಿ ವೀಸಾ ಸಿಗಲಿಲ್ಲಂದ್ರ, ಆಕಿ ಮನಸ್ಸು ಬದಲಾತಂದ್ರ, ನಿಮ್ಮ ಕೈಯಾಗ ಏನೂ ಉಳಿಯಂಗಿಲ್ಲ. ನಾನೂ ಏನೂ ಮಾಡಲಿಕ್ಕ ಬರಂಗಿಲ್ಲ."

"ಅರ್ಜಿ ಇರೋತನಕ ಆಕಿ ಎದುರು ಪಾರ್ಟಿ. ಎದುರು ಪಾರ್ಟಿಗಿ ವೀಸಾ ಕೊಡ್ರಂತ ಯಾವ ಬಾಯಿಲೆ ಕೇಳ್ಲಿರಿ?" ಅವರ ಕಣ್ಣು ತುಂಬಿದ್ದವು. "ಹೆದರಿಕಿ ಅದರಿ ಬಾಯಾರ, ಭಾಳ ಹೆದರಿಕಿ ಅದ. ಆದ್ರೂ ಎಲ್ಲಿ ಸಹಿ ಮಾಡ್ಬೇಕು ತೋರಸ್ರಿ."

ಸಹಿ ಮಾಡಿದರು. ಹುಡುಗಿಯನ್ನು ತಾಯಿಯ ಸುಪರ್ದಿಗೆ ಕೊಟ್ಟು ಆದೇಶವಾಯಿತು.

ಅವರು ಹೊರಟ ದಿನ ನಾನೂ ವಾಡಿ ಸ್ಟೇಷನ್ನಿಗೆ ಹೋದೆ. ಮದ್ರಾಸಿಗೆ ಇಬ್ಬರ ಟಿಕೇಟೂ ತೆಗೆಸಿಯಾಗಿತ್ತು, ಅಲ್ಲಿಂದ ವಿಮಾನ. ಮಟಮಟ ಮಧ್ಯಾಹ್ನ, ಪ್ಲಾಟ್‌ಫಾರ್ಮಿನ ಕಲ್ಲು ಚಪ್ಪಲಿಯನ್ನೂ ದಾಟಿ ಸುಡುತ್ತಿತ್ತು. ಗಾಡಿ ಬಂತು. ನಿಲ್ಮಿನಿ ಹತ್ತಿದಳು, ತನ್ನ ಚೀಲ ಇಟ್ಟಳು, ಆಮೇಲೆ ಮಗಳ ಚೀಲವನ್ನು ಮಾತ್ರ ಕೆಳಗೆ ಇಳಿಸಿದಳು.

"ಏನಿದು?" ಎಂದೆ ಇಂಗ್ಲಿಷಿನಲ್ಲಿ.

"ಅಮ್ಮೆ ತಮ್ಮ ಅರ್ಜಿ ಬಿಟ್ಟುಕೊಟ್ಟರು," ಎಂದಳು; ಅತ್ತೆಯನ್ನು ಅವಳು ಕರೆಯುವುದೇ ಹಾಗೆ. "ನಾನು ಮಗಳನ್ನು ಬಿಟ್ಟು ಹೋಗುತ್ತೇನೆ. ಆಗ ಅವರಿಗೆ ನಾನು ಬರುತ್ತೇನೆ ಎಂದು ಧೈರ್ಯ ಇರುತ್ತದೆ. ಅವಳಿಗೆ ಪರೀಕ್ಷೆಯೂ ಇದೆ."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಪೀರಮ್ಮ ಕೆಂಡವಾದರು. ಅವರ ಸಿಟ್ಟನ್ನು ನಾನು ಕಂಡದ್ದು ಅದೊಂದೇ ಸಲ. "ಎರಡನೇತ್ತ ಪರೀಕ್ಷಾ ಏನ್ ಡೀಸಿ ಆಗೋ ಪರೀಕ್ಷಾ ಏನ್ರಿ? ಹತ್ತಸ್ಕೊ ಹುಡುಗೀನ!" ಚೀಲವನ್ನು ಒಳಗೆ ಎಸೆದು, ಲುಂಬಿನಿಯನ್ನು ಎತ್ತಿ ಡಬ್ಬಿಯೊಳಗೆ ನಿಲ್ಲಿಸಿದರು. ನಿಲ್ಮಿನಿ ಇಳಿಸಿದಳು. ಪೀರಮ್ಮ ಮತ್ತೆ ಎತ್ತಿದರು. ಮೂರು ತಿಂಗಳು ಕೋರ್ಟಿನಲ್ಲಿ ನನಗೆ ಬೇಕು, ನನಗೆ ಬೇಕು ಎಂದವರು ಈಗ ನೀನು ಇಟ್ಟುಕೋ, ನೀನು ಇಟ್ಟುಕೋ ಎಂದು ಹೆಣಗಾಡುತ್ತಿದ್ದರು. ಲುಂಬಿನಿ ಇದನ್ನು ಆಟ ಎಂದುಕೊಂಡು ಮೊದಲು ನಕ್ಕಳು, ಆಮೇಲೆ ಬಾಗಿಲ ಸರಳು ಹಿಡಿದುಕೊಂಡಳು. ಗಾರ್ಡು ಸೀಟಿ ಊದಿದ. ಚಹಾದವರು, ಹಮಾಲರು, ಎಲ್ಲ ನಮ್ಮನ್ನೇ ನೋಡುತ್ತಿದ್ದರು.

"ಬಾಯಾರ, ಆಕೀಗಿ ಹೇಳ್ರಿ," ಎಂದರು ಪೀರಮ್ಮ, ಹುಡುಗಿಯನ್ನು ತಾಯಿಯ ಕೈಗೆ ಒತ್ತಿ ಹಿಡಿದು. "ಎರಡು ವರ್ಷ ಮಗಳನ್ನ ಬಿಟ್ಟು ಇದ್ದಾಳ, ಸಾಕು. ಹೊಟ್ಟ್ಯಾಗಿನ ಕೂಸು ಕಣ್ಣ ಮುಂದ ಇಲ್ಲದಿದ್ರ ಹ್ಯಾಂಗ ಇರ್ತದಂತ ನನಗ ಗೊತ್ತದ. ನನಗ ಆಗಿದ್ದು ಆಕೀಗಿ ಬ್ಯಾಡ. ಬಂದ್ರ ಬರ್ಲಿ, ಇಲ್ಲಂದ್ರ ಇಲ್ಲ. ಕೂಸು ತಾಯಿ ಹಂತ್ಯಾಕ ಇರ್ಲಿ."

ನಾನು ಅರ್ಧ ಹೇಳುವಷ್ಟರಲ್ಲಿ ಗಾಡಿ ತಾಯಿ ಮಗಳಿಬ್ಬರನ್ನೂ ಹೊತ್ತು ಹೊರಟಿತು. ನಿಲ್ಮಿನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ನಾನು ಅಳುತ್ತಿದ್ದೆ, ಅದು ಗೊತ್ತು.

ಆಮೇಲೆ ಪ್ರತಿ ಭಾನುವಾರ ಸ್ಟೇಷನ್ ಹತ್ತಿರದ ಬಾಬುಮಿಯಾನ ಎಸ್‌ಟಿಡಿ ಬೂತಿಗೆ ಫೋನು ಬರುತ್ತಿತ್ತು. ಪೀರಮ್ಮ ಬೆಳಿಗ್ಗೆಯೇ ಹೋಗಿ ಕೂರುತ್ತಿದ್ದರು. ಲುಂಬಿನಿ ಕಡಲು ನೋಡಿದ್ದನ್ನು, ಆನೆ ನೋಡಿದ್ದನ್ನು ಹೇಳುತ್ತಿದ್ದಳು. ಮೇ ತಿಂಗಳು ಬಂತು, ಫೋನು ನಿಂತಿತು. ಒಂದು ಭಾನುವಾರ ಇಲ್ಲ, ಎರಡು ಇಲ್ಲ, ಮೂರನೆಯದೂ ಇಲ್ಲ. ರಘುವೀರರ ಜೊತೆ ಜಗಳ ತೆಗೆದೆ, ನಿಮ್ಮ ಪಾರ್ಟಿ ಮೋಸ ಮಾಡಿತು ಎಂದು ಬಾರ್ ರೂಮಿನಲ್ಲಿ ಕೂಗಾಡಿದೆ. ವಾಡಿಗೆ ಹೋದರೆ ಪೀರಮ್ಮ ಬೂತಿನ ಬೆಂಚಿನ ಮೇಲೆ ಕೂತಿದ್ದರು. ಮುಖ ಬಾಡಿತ್ತು. "ಶಾಲಿಗಿ ಹೋಗಿ ಆಕಿ ಹೆಸರ ತೆಗಿಬ್ಯಾಡ್ರಂತ ಹೇಳಿ ಬಂದೀನ್ರಿ," ಎಂದರು.

ಜೂನ್ ಬರುವ ಹೊತ್ತಿಗೆ ಬಾಬುಮಿಯಾ ನನಗೇ ಫೋನು ಮಾಡಿದ: "ಮದ್ರಾಸಿಂದ ಫೋನ್ ಬಂದಿತ್ರಿ ಬಾಯಿಸಾಬ್. ನಾಳಿ ಗಾಡಿಗಿ ಬರ್ತಾರಂತ."

ಮರುದಿನ ಪೀರಮ್ಮ ನನಗಿಂತ ಮುಂಚೆಯೇ ಪ್ಲಾಟ್‌ಫಾರ್ಮಿನಲ್ಲಿದ್ದರು. ಗಾಡಿ ನಿಂತಿತು. ನಿಲ್ಮಿನಿ ಇಳಿದಳು. ಪೀರಮ್ಮ ಓಡಿಹೋಗಿ ಅವಳ ಬೆನ್ನಿಗೆ ಎರಡು ಗುದ್ದು ಗುದ್ದಿ, "ಬಂದ್ಯಾ? ಬಂದ್ಯಾ ನನ್ನವ್ವಾ?" ಎಂದು ಅಪ್ಪಿಕೊಂಡು ಜೋರಾಗಿ ಅತ್ತರು. ವರ್ಷದ ವೀಸಾ ಸಿಕ್ಕಿತ್ತು. ಮುಂದಿನದನ್ನು ಮುಂದೆ ನೋಡಿಕೊಳ್ಳಬೇಕು.

ಅವಳ ಹಿಂದೆ ಲುಂಬಿನಿ ಇಳಿದಳು. ಲುಂಬಿನಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಿಳಿ ಸೀರೆಯ ಮುದುಕಿಯೊಬ್ಬರು ಇಳಿದರು. ಪೀರಮ್ಮನ ವಯಸ್ಸೇ, ಪೀರಮ್ಮನಷ್ಟೇ ಎತ್ತರ. ವಾಡಿಯ ಧೂಳನ್ನು, ಹಳಿಗಳನ್ನು, ನನ್ನನ್ನು, ಪೀರಮ್ಮನನ್ನು ಒಂದೊಂದಾಗಿ ಪರೀಕ್ಷೆ ಮಾಡುವವರ ಹಾಗೆ ನೋಡಿದರು.

"ನನ್ನ ತಾಯಿ, ಸೋಮಾವತಿ," ಎಂದಳು ನಿಲ್ಮಿನಿ. "ಒಂದು ತಿಂಗಳು ಜಗಳ. ಮೊಮ್ಮಗಳನ್ನು ಕಳಿಸುವುದಿಲ್ಲ ಎಂದು ಪಾಸ್‌ಪೋರ್ಟು ಬಚ್ಚಿಟ್ಟರು, ಫೋನೂ ಮಾಡಗೊಡಲಿಲ್ಲ. ಸಮುದ್ರ ದಾಟಿದವಳು ಮರಳಿ ಬರುತ್ತಾಳೆಂದು ಯಾರು ಹೇಳಬೇಕು ಎಂದು ಅಳು. ಕೊನೆಗೆ, ಆ ಮನೆ ಎಂಥದ್ದು ನಾನೇ ಕಣ್ಣಾರೆ ನೋಡುತ್ತೇನೆ ಎಂದು ಹೊರಟರು."

ನಾನು ಪೀರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಆ ಮುದುಕಿಯನ್ನೇ ನೋಡುತ್ತಾ ನಿಂತರು. ಲುಂಬಿನಿಯ ಖಾಲಿ ಇದ್ದ ಕೈ ಅವರ ಕಡೆಗೇ ಚಾಚಿತ್ತು. ಪೀರಮ್ಮನ ಕೈಯೂ ಮುಂದೆ ಹೋಯಿತು, ಹುಡುಗಿಯ ತಲೆಯನ್ನು ಒಮ್ಮೆ ಸವರಿತು, ಹಿಡಿಯಲಿಲ್ಲ. ಬಾಗಿ, ಆ ಮುದುಕಿಯ ಕಾಲ ಹತ್ತಿರ ಇದ್ದ ಭಾರದ ಚೀಲವನ್ನು ಎತ್ತಿಕೊಂಡರು.

"ನಡೀರಿ ಬೀಗತಿ," ಎಂದರು. "ನೀವು ಕೂಸಿನ ಕೈ ಬಿಡಬ್ಯಾಡ್ರಿ, ಹಳಿ ದಾಟೋದದ."